ಸೆನೆಟರ್ ಸಾಹೇಬರ ಎಡಗಣ್ಣು

ಚಿತ್ರ ಬಂದದ್ದು ಜನವರಿಯ ಎರಡನೆಯ ವಾರದಲ್ಲಿ. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಲೊಂಬಾರ್ಡಿನಲ್ಲಿರುವ ನನ್ನ ಸ್ಟುಡಿಯೋದ ಷಟರ್ ಹೆಪ್ಪುಗಟ್ಟಿ ಅರ್ಧಕ್ಕೇ ನಿಂತುಬಿಟ್ಟಿತ್ತು. ಟ್ರಕ್ಕಿನವರಿಬ್ಬರು ಮತ್ತು ನಾನು ನಡು ಬಗ್ಗಿಸಿ, ಮರದ ಪೆಟ್ಟಿಗೆಯನ್ನು ಮಾತ್ರ ಒಂದಿಷ್ಟೂ ಬಾಗಿಸದೆ ಒಳಗೆ ತಂದೆವು. ಒಂದು ದಿನ ಪೂರ್ತಿ ಅದನ್ನು ತೆರೆಯುವಂತಿರಲಿಲ್ಲ. ಚಳಿಯಿಂದ ಬಂದ ಕ್ಯಾನ್ವಾಸ್ ಒಳಗಿನ ಬಿಸಿಗೆ ಒಗ್ಗಿಕೊಳ್ಳಬೇಕು, ಅವಸರ ಮಾಡಿದರೆ ಬಣ್ಣ ಬಿರಿಯುತ್ತದೆ. ಅಷ್ಟು ತಾಳ್ಮೆ ಆ ದಿನ ನನಗಿತ್ತು.

ಡೆಟ್ರಾಯಿಟ್ ಕಡೆ, ಡಿಯರ್‌ಬಾರ್ನ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಕಾಲೇಜಿನ ಮ್ಯೂಸಿಯಮ್ಮಿನ ಚಿತ್ರ ಅದು. ಹತ್ತೊಂಬತ್ತನೆಯ ಶತಮಾನದ ಒಬ್ಬ ಸೆನೆಟರ್, ಕಾಲೇಜು ಕಟ್ಟಲು ನೆರವಾದವರು. ನಾಲ್ಕಡಿಗಿಂತ ಎತ್ತರದ ಕ್ಯಾನ್ವಾಸ್, ಕಪ್ಪು ಕೋಟು, ಪುಸ್ತಕದ ಮೇಲಿಟ್ಟ ಕೈ. ಮುಖದ ಮೇಲೆಲ್ಲ ಹಳೆಯ ವಾರ್ನಿಷ್ ಹಳದಿಗಟ್ಟಿ, ಮನುಷ್ಯನಿಗೆ ಕಾಮಾಲೆ ಬಂದಹಾಗೆ ಕಾಣುತ್ತಿತ್ತು. ಏಪ್ರಿಲ್ ಕೊನೆಗೆ ಕಾಲೇಜಿನ ದೊಡ್ಡ ಹಾಲ್ ಮತ್ತೆ ತೆರೆಯುವಾಗ ಅವರು ಗೋಡೆಯ ಮೇಲಿರಬೇಕು ಎಂಬುದು ಕರಾರು. ನಾನು ಸ್ವಂತ ಸ್ಟುಡಿಯೋ ಶುರುಮಾಡಿದ ಮೇಲೆ ಒಂದು ಮ್ಯೂಸಿಯಮ್ಮು ನನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ ಇದು. ಇದು ಸರಿಹೋದರೆ ಅವರ ಉಗ್ರಾಣದ ಉಳಿದ ಚಿತ್ರಗಳೂ ನನಗೇ ಬರುವ ಮಾತಾಗಿತ್ತು. ಹಾಗಾಗಿ ಎದೆಯಲ್ಲಿ ಹೆಮ್ಮೆಯೂ ಇತ್ತು, ಪುಕುಪುಕು ಅನ್ನುವುದೂ ಇತ್ತು.

ಪೆಟ್ಟಿಗೆ ತೆರೆದಾಗ ಪಕ್ಕದಲ್ಲಿದ್ದವರು ಡಾಕ್ಟರ್ ಅಂಕಲ್. ಧಾರವಾಡದ ಕಡೆಯವರು, ಲೊಂಬಾರ್ಡಿನಲ್ಲೇ ಬಹಳ ವರ್ಷ ಕಣ್ಣಿನ ಡಾಕ್ಟರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಕ್ಲಿನಿಕ್ ಮುಚ್ಚುವಾಗ ತಾವು ಆಪರೇಷನ್ನಿಗೆ ಬಳಸುತ್ತಿದ್ದ ಮೈಕ್ರೋಸ್ಕೋಪನ್ನು ನನಗೆ ಕೊಟ್ಟಿದ್ದರು. ಕಣ್ಣಿಗೆ ಒದಗುವ ಯಂತ್ರ ಚಿತ್ರಕ್ಕೂ ಒದಗುತ್ತದೆ. ಎತ್ತರದ ಕಂಬದ ಮೇಲೆ ತೋಳು ಚಾಚಿ, ಚಿತ್ರ ಮಲಗಿದ್ದರೆ ಸಾಕು, ಎಲ್ಲಿ ಬೇಕೋ ಅಲ್ಲಿಗೆ ಬಗ್ಗಿ ನೋಡುತ್ತದೆ. ದಿನಾ ಹನ್ನೊಂದು ಗಂಟೆಗೆ ಅಂಕಲ್ ಥರ್ಮಾಸಿನಲ್ಲಿ ಶುಂಠಿ ಚಹಾ ತಂದು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ನಾನು ಕೆಲಸ ಮಾಡುವುದನ್ನು ನೋಡುತ್ತಿದ್ದರು.

ಮೊದಲ ಹಂತ ಮೇಲ್ಮೈಯ ಮಸಿ ತೆಗೆಯುವುದು. ನಮ್ಮ ಕಸುಬಿನಲ್ಲಿ ಇದಕ್ಕೆ ಉಗುಳಿಗಿಂತ ಒಳ್ಳೆಯ ಸಾಧನ ಇನ್ನೂ ಸಿಕ್ಕಿಲ್ಲ. ಬಿದಿರ ಕಡ್ಡಿಗೆ ಹತ್ತಿ ಸುತ್ತಿ, ನಾಲಗೆಗೆ ತಾಗಿಸಿ, ಚಿತ್ರದ ಮೇಲೆ ಉಜ್ಜದೆ ಹಗುರವಾಗಿ ಉರುಳಿಸಬೇಕು. ಹತ್ತಿ ಕಪ್ಪಾದಾಗ ಎಸೆದು ಇನ್ನೊಂದು. ಅಂಕಲ್ ಇದನ್ನು ಕಂಡ ದಿನ ಚಹಾ ಕುಡಿಯುವುದನ್ನೇ ನಿಲ್ಲಿಸಿದರು.

"ಅಲ್ಲವಾ ತಂಗಿ, ಅಷ್ಟ ದೊಡ್ಡ ಮನಷ್ಯಾನ ಮಾರಿಗೆ ಎಂಜಲಾ ಹಚ್ಚಲಿಕ್ಕತ್ತೀಯಲ್ಲ! ನಿಮ್ಮ ಮೈಸೂರಾಗ ಇದನ್ನ ಕಲಿಸ್ಯಾರೇನು?"

"ಉಗುಳಲ್ಲಿ ಎನ್‌ಜೈಮ್ ಇರುತ್ತಲ್ಲ ಅಂಕಲ್, ಜಿಡ್ಡು ಬಿಡಿಸುತ್ತೆ."

"ಹೌದೇನು? ನಮ್ಮವ್ವ ಸೆರಗಿಗೆ ಉಗುಳ ಹಚ್ಚಿ ನನ್ನ ಮಾರಿ ಒರಸ್ತಿದ್ಲು. ಪಾಪ, ಅಕಿಗೆ ಎನ್‌ಜೈಮ್ ಗೊತ್ತಿದ್ದಿಲ್ಲ ನೋಡು."

ಮಸಿ ಹೋದ ಮೇಲೆ ವಾರ್ನಿಷ್. ಅಂಚಿನಲ್ಲಿ ಸಾಸಿವೆಯಷ್ಟು ಜಾಗದಲ್ಲಿ ಬೇರೆ ಬೇರೆ ದ್ರಾವಕಗಳನ್ನು ಪರೀಕ್ಷಿಸಿ, ವಾರ್ನಿಷ್ ಕರಗಿ ಬಣ್ಣ ಕದಲದಂಥ ಒಂದು ಮಿಶ್ರಣ ಹಿಡಿಯಲು ಹತ್ತು ದಿನ ಬೇಕಾಯಿತು. ಆ ನಡುವೆ ಸ್ಟುಡಿಯೋದ ಹೀಟರ್ ಕೆಟ್ಟು ಎರಡು ದಿನ ಕೈ ಕಟ್ಟಿ ಕೂತೆ. ಕಪ್ಪು ಕೋಟಿನ ಒಂದು ಕಡೆ ಬಣ್ಣ ಹೆಕ್ಕಳಿಕೆ ಎದ್ದಿತ್ತು. ಅದನ್ನು ಮೀನಿನ ಅಂಟು, ಬಿಸಿ ಕರಣೆ ಹಿಡಿದು ಕೂಡಿಸುವಷ್ಟರಲ್ಲಿ ಫೆಬ್ರವರಿ ಮುಗಿಯಿತು. ಕ್ಯಾಲೆಂಡರ್ ನೋಡಿದಾಗೆಲ್ಲ ಏಪ್ರಿಲ್ ಕೊನೆಗೆ ಉಳಿದ ವಾರಗಳನ್ನು ಎಣಿಸುತ್ತಿದ್ದೆ.

ಮಾರ್ಚ್ ಮೊದಲ ವಾರ ಸ್ಟುಡಿಯೋ ಕತ್ತಲು ಮಾಡಿ ಅತಿನೇರಳೆ ದೀಪ ಹಚ್ಚಿದೆ. ಆ ಬೆಳಕಿನಲ್ಲಿ ಹಳೆಯ ವಾರ್ನಿಷ್ ಹಸಿರಾಗಿ ಹೊಳೆಯುತ್ತದೆ, ಅದರ ಮೇಲೆ ಯಾರಾದರೂ ಆಮೇಲೆ ಹಚ್ಚಿದ ಬಣ್ಣವಿದ್ದರೆ ಅದು ಬೇರೆಯಾಗಿ ಎದ್ದು ಕಾಣುತ್ತದೆ. ಸೆನೆಟರ್ ಸಾಹೇಬರ ಎಡಗಣ್ಣಿನ ಮೇಲೆ ಒಂದು ಕಲೆ ಎದ್ದು ಕಂಡಿತು. ಹಗಲು ಬೆಳಕಿನಲ್ಲಿ ಅದು ಮಸುಕಾದ ಬಿಳಿ, ಕಣ್ಣಗುಡ್ಡೆಯ ಮುಕ್ಕಾಲು ಭಾಗ ಮುಚ್ಚಿತ್ತು. ಇಷ್ಟು ದಿನ ಅದನ್ನು ವಾರ್ನಿಷ್ ಮಬ್ಬಾದದ್ದೆಂದೇ ತಿಳಿದಿದ್ದೆ. ಮೈಕ್ರೋಸ್ಕೋಪ್ ಇಳಿಸಿ ಅಂಚನ್ನು ನೋಡಿದರೆ ಅನುಮಾನವೇ ಇಲ್ಲ, ಬಿಳಿ ಬಣ್ಣ ವಾರ್ನಿಷ್ಷಿನ ಮೇಲೆ ಕೂತಿದೆ. ಚಿತ್ರಕಾರ ಬರೆದು ಮುಗಿಸಿ ವಾರ್ನಿಷ್ ಹಚ್ಚುತ್ತಾನೆ. ಅದರ ಮೇಲೆ ಬಂದದ್ದು ಇನ್ನೊಬ್ಬರ ಕೈ. ಯಾವನೋ ಹಳೆಯ ರಿಪೇರಿಯವನು ಕಣ್ಣು ಕೆಡಿಸಿದ್ದಾನೆ ಎಂದು ತೀರ್ಮಾನಿಸಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಅಪ್ಪ ಮೈಸೂರಿನಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುತ್ತಿದ್ದರು, ಮಾಸಿದ ಹಳೆಯ ಪಟಗಳನ್ನು ತಿದ್ದಿಯೂ ಕೊಡುತ್ತಿದ್ದರು. ಪಟದ ಚಿನ್ನದ ರೇಕು ಹೋಗಿದ್ದರೆ ಜನ ಸಹಿಸುತ್ತಿದ್ದರು, ಕೈಬೆರಳು ಅಳಿಸಿದ್ದರೂ ಪೂಜೆ ನಡೆಯುತ್ತಿತ್ತು. ಕಣ್ಣು ಹೋದರೆ ಮಾತ್ರ ಪಟವನ್ನು ಗೋಡೆಯಿಂದ ಇಳಿಸಿ ಓಡಿಬರುತ್ತಿದ್ದರು. ಅಪ್ಪ ಬೇರೆ ಕೆಲಸ ಪಕ್ಕಕ್ಕಿಟ್ಟು, ಸ್ನಾನ ಮಾಡಿ ಬಂದು, ಮೊದಲು ಕಣ್ಣು ಬರೆಯುತ್ತಿದ್ದರು. ಊನವಾದ ಕಣ್ಣನ್ನು ಹಾಗೇ ಬಿಡಬಾರದೆಂಬುದು ನನಗೆ ಯಾರೂ ಪಾಠ ಹೇಳಿ ಕಲಿಸಿದ್ದಲ್ಲ, ಅಂಗಡಿಯ ವಾಸನೆಯ ಜೊತೆ ಮೈಗೆ ಹತ್ತಿದ್ದು. ಇಲ್ಲಿ ಓದಿದ ಶಾಸ್ತ್ರ ನಿಧಾನಿಸು ಅನ್ನುತ್ತಿತ್ತು. ಆ ಬಿಳಿ ಕಲೆ ಕಂಡಾಗ ನನ್ನ ಕೈ ಅಪ್ಪನ ಕೈಯಾಗಿಬಿಟ್ಟಿತು.

ಮರುದಿನ ಮೈಕ್ರೋಸ್ಕೋಪಿನ ಕ್ಯಾಮೆರಾವನ್ನು ದೊಡ್ಡ ಪರದೆಗೆ ಜೋಡಿಸಿ, ಮ್ಯೂಸಿಯಮ್ಮಿನ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರಿಗೆ ವೀಡಿಯೋ ಕಾಲ್‌ನಲ್ಲಿ ತೋರಿಸಲು ತಯಾರಿ ಮಾಡುತ್ತಿದ್ದೆ. ಅಂಕಲ್ ಎದ್ದು ಪರದೆಯ ಹತ್ತಿರ ಬಂದರು. ಮುಖ ಸ್ವಲ್ಪ ಓರೆ ಮಾಡಿ ಬಹಳ ಹೊತ್ತು ನೋಡಿದರು.

"ತಂಗಿ, ಇದು ಹೂ ಬಿದ್ದ ಕಣ್ಣು."

"ಅಂದ್ರೆ?"

"ಗಾಯ ಆಗಿ, ಇಲ್ಲಾ ಹುಣ್ಣಾಗಿ ಮಾಯ್ದ ಮ್ಯಾಲ ಕರಿಗುಡ್ಡಿ ಮ್ಯಾಲ ಬೆಳ್ಳಗ ಕಲಿ ಉಳೀತದಲ್ಲ, ಅದು. ಇಂಥಾವು ಸಾವಿರ ನೋಡೀನಿ. ಇಲ್ಲಿ ನೋಡು, ಏಳು ಗಂಟೆ ಕಡಿಂದ ಒಂದು ಕೆಂಪು ಎಳಿ ಒಳಗ ಬಂದದ. ರಕ್ತನಾಳ ಅದು. ಹಳೇ ಗಾಯಕ್ಕ ಹಿಂಗ ಬರ್ತದ."

ಕಣ್ಣಿನ ಡಾಕ್ಟರುಗಳು ಕಣ್ಣಗುಡ್ಡೆಯನ್ನು ಗಡಿಯಾರದಂತೆ ಎಣಿಸಿ ಜಾಗ ಗುರುತು ಹೇಳುತ್ತಾರೆ. ಅವರು ಬೆರಳಿಟ್ಟ ಕಡೆ ಕೂದಲಿಗಿಂತ ಸಣ್ಣದೊಂದು ಕೆಂಪು ಗೀರು ಇತ್ತು. ಕುಂಚದ ಕೂದಲು ಅಂಟಿರಬೇಕು ಅಂದುಕೊಂಡೆ.

"ಇಲ್ಲ ಅಂಕಲ್, ಇದು ಆಮೇಲೆ ಯಾರೋ ಹಚ್ಚಿರೋದು. ವಾರ್ನಿಷ್ ಮೇಲಿದೆ, ನಾನು ನೋಡಿದೀನಿ."

"ಇರಬಹುದವಾ. ಆದ್ರ ಅಂಥಾ ಕಣ್ಣು ಮುಂದ ಇಟಗೊಂಡ ನೋಡಲಾರದ ಈ ಎಳಿ ಬರಿಯಾಕ ಆಗೂದಿಲ್ಲ. ಮತ್ತ ಅವ್ರು ಮಾರಿ ಎಡಕ್ಕ ಹೊಳ್ಳಿಸಿ ಕೂತಾರ ನೋಡು. ಎಡಗಣ್ಣು ಕಾಣಲಾರದವ್ರು ಬಲಗಣ್ಣು ಮುಂದ ತರಾಕ ಹಂಗ ಕೂಡತಾರ. ಒಂದ್ಸಲ ನಾ ಮೈಕ್ರೋಸ್ಕೋಪಿನಾಗ ನೋಡ್ಲೇನು?"

"ನಾಳೆ ನೋಡುವಿರಂತೆ ಅಂಕಲ್. ಫೋಕಸ್ ಕೂರಿಸಿದೀನಿ, ಕಾಲ್ ಶುರುವಾಗುತ್ತೆ."

ಕಾಲ್ ಶುರುವಾಯಿತು. ನಾನು ಕ್ಯುರೇಟರಿಗೆ ಹಸಿರು ಹೊಳಪು, ಅದರ ಮೇಲಿನ ಬಿಳಿ, ಎಲ್ಲವನ್ನೂ ವಿವರಿಸಿದೆ. ಆಕೆ ಮೆಲುಮಾತಿನ, ಪ್ರತಿ ವಾಕ್ಯಕ್ಕೂ ಟಿಪ್ಪಣಿ ಮಾಡಿಕೊಳ್ಳುವ ಹೆಂಗಸು. ಸೆನೆಟರಿಗೆ ಕಣ್ಣಿನ ತೊಂದರೆ ಇತ್ತೆಂದು ತಮ್ಮ ಬಳಿ ಎಲ್ಲೂ ದಾಖಲೆಯಿಲ್ಲ, ಆದರೆ ಲೈಬ್ರರಿಯ ಪೆಟ್ಟಿಗೆಗಳನ್ನು ಪೂರ್ತಿ ನೋಡಿಲ್ಲ ಎಂದರು. ಆಗ ಹಿಂದಿನಿಂದ ಅಂಕಲ್ ಇಂಗ್ಲಿಷಿನಲ್ಲಿ, ಇದು ಕಾರ್ನಿಯಾದ ಗಾಯದ ಕಲೆ, ಬೇರೇನೂ ಆಗಿರಲು ಸಾಧ್ಯವಿಲ್ಲ, ಅಂದರು.

"ಯಾರು ಅದು?" ಎಂದು ಕ್ಯುರೇಟರ್ ಕೇಳಿದರು.

ನನಗೆ ಮುಜುಗರವಾಯಿತು. ಮ್ಯೂಸಿಯಮ್ಮಿನ ಚಿತ್ರವಿರುವ ಕೋಣೆಯಲ್ಲಿ ಚಹಾ ಕುಡಿಯುವ ಮುದುಕರೊಬ್ಬರನ್ನು ಕೂರಿಸಿಕೊಂಡಿದ್ದೇನೆಂದು ತಿಳಿದರೆ ನನ್ನ ಬಗ್ಗೆ ಏನೆಂದುಕೊಂಡಾರು? ಅವರು ಕಣ್ಣಿನ ಡಾಕ್ಟರು, ಈ ಮೈಕ್ರೋಸ್ಕೋಪು ಅವರದೇ, ಅನ್ನಬಹುದಿತ್ತು. ಎರಡೇ ವಾಕ್ಯ. ಅದರ ಬದಲು, ಯಾರೂ ಅಲ್ಲ, ಅಕ್ಕಪಕ್ಕದವರು, ಹೊತ್ತು ಕಳೆಯಲು ಬರುತ್ತಾರೆ, ಅಂದುಬಿಟ್ಟೆ. ಇಂಗ್ಲಿಷಿನಲ್ಲಿ ಅಂದದ್ದು, ಅವರಿಗೆ ನನಗಿಂತ ಚೆನ್ನಾಗಿ ಬರುವ ಇಂಗ್ಲಿಷಿನಲ್ಲಿ. ಹಿಂದೆ ಥರ್ಮಾಸಿನ ಮುಚ್ಚಳ ತಿರುಗಿಸುವ ಸದ್ದು, ಆಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಕ್ಯುರೇಟರ್ ಒಂದು ಪ್ರಶ್ನೆ ಕೇಳಿದರು: ಸಣ್ಣ ಚೂರೊಂದನ್ನು ಲ್ಯಾಬಿಗೆ ಕಳಿಸಿ ಅಡ್ಡಸೀಳು ನೋಡಬೇಕೇ? ಚೂರನ್ನು ಅಡ್ಡಲಾಗಿ ಸೀಳಿ ನೋಡಿದರೆ ಪದರಗಳು ಒಂದರ ಮೇಲೊಂದು ಕಾಣುತ್ತವೆ. ವಾರ್ನಿಷ್ಷಿಗೂ ಮೇಲಿನ ಬಣ್ಣಕ್ಕೂ ನಡುವೆ ಧೂಳಿನ ಗೆರೆ ಇದ್ದರೆ, ವರ್ಷಗಳು ಕಳೆದ ಮೇಲೆ ಇನ್ನೊಬ್ಬರು ಹಚ್ಚಿದ್ದು. ಧೂಳೇ ಇಲ್ಲದಿದ್ದರೆ, ವಾರ್ನಿಷ್ ಹೊಸದಾಗಿದ್ದಾಗಲೇ ಹಚ್ಚಿದ್ದು. ಇದು ನನ್ನ ಕಸುಬಿನ ಮೊದಲ ಪಾಠ. ಆದರೆ ಲ್ಯಾಬಿನ ಉತ್ತರ ಬರಲು ಮೂರು ವಾರ. ಏಪ್ರಿಲ್ ಕೊನೆ ಮೈಮೇಲೆ ಬರುತ್ತಿತ್ತು. ಅಗತ್ಯವಿಲ್ಲ, ಸಾಕ್ಷಿ ಸ್ಪಷ್ಟವಾಗಿದೆ, ಎಂದೆ. ನಿಮ್ಮ ನಿರ್ಧಾರವನ್ನು ನಂಬುತ್ತೇವೆ ಎಂದು ಅವರು ಕಾಲ್ ಮುಗಿಸಿದರು.

ಆ ಬಿಳಿ ಬಣ್ಣವೂ ನನಗೆ ಹೇಳಿ ನೋಡಿತು. ಇತ್ತೀಚೆಗೆ ಹಚ್ಚಿದ್ದಾಗಿದ್ದರೆ ಹತ್ತಿಯ ಒಂದೆರಡು ಉರುಳಿಗೆ ಕರಗಬೇಕಿತ್ತು. ಅದು ಕರಗಲೇ ಇಲ್ಲ, ಕಲ್ಲಿನಂತೆ ಕೂತಿತ್ತು. ಕೊನೆಗೆ ದ್ರಾವಕದ ಜೆಲ್ ಇಟ್ಟು, ಅಡಿಯ ವಾರ್ನಿಷ್ ಮೆತ್ತಗಾಗುವವರೆಗೆ ಕಾದು, ಮೈಕ್ರೋಸ್ಕೋಪಿನಡಿಯಲ್ಲಿ ಸ್ಕಾಲ್ಪೆಲ್ ಎಂಬ ಸಣ್ಣ ಚಾಕುವಿನ ತುದಿಯಿಂದ ಎಬ್ಬಿಸಿದೆ. ಸಿಪ್ಪೆ ಸಿಪ್ಪೆಯಾಗಿ ಬಂತು. ಒಂದು ಚೂರಿನ ಹಿಂಬದಿ ಕನ್ನಡಿಯಷ್ಟು ಶುಭ್ರವಾಗಿತ್ತು, ಧೂಳಿನ ಸುಳಿವಿರಲಿಲ್ಲ. ಅದನ್ನು ನೋಡಿದೆ. ನೋಡಿ, ಚೂರುಗಳನ್ನು ಒಂದು ಗಾಜಿನ ಕುಪ್ಪಿಗೆ ಹಾಕಿ, ಮುಚ್ಚಳದ ಮೇಲೆ ಎಡಗಣ್ಣು ಎಂದು ಬರೆದು, ಕೆಲಸ ಮುಂದುವರಿಸಿದೆ.

ಅಡಿಯಲ್ಲಿ ಏನಿತ್ತು ಗೊತ್ತೇ? ಪೂರ್ಣವಾದ ಕಣ್ಣು. ಬೂದುನೀಲಿ ಬಣ್ಣ, ನಡುವೆ ಕಪ್ಪು, ಅದರ ಮೇಲೆ ಬೆಳಕಿನ ಒಂದೇ ಒಂದು ಚುಕ್ಕೆ. ಮೂರು ದಿನದ ಕೊನೆಗೆ ಆ ಚುಕ್ಕೆ ಹೊರಬಂದಾಗ ನಾನು ಒಬ್ಬಳೇ ಇದ್ದೆ, ಒಬ್ಬಳೇ ಜೋರಾಗಿ ನಕ್ಕೆ. ನಾನು ಹೇಳಿದ್ದೇ ಸರಿಯಾಗಿತ್ತಲ್ಲ! ಅಂಕಲ್ ಬರಲಿ, ತೋರಿಸುತ್ತೇನೆ, ಅಂದುಕೊಂಡೆ. ಅವರು ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಕೆಲಸ ಮುಗಿಯಲಿ, ಹೋಗಿ ಸಮಾಧಾನ ಮಾಡಿದರಾಯಿತು ಅಂತ ಬಿಟ್ಟೆ. ಕೆಲಸ ಮುಗಿದ ಮೇಲೆ ಅವರ ಮನೆಯ ಮುಂದೆ ಮಾರಾಟದ ಬೋರ್ಡು ನಿಂತಿತ್ತು. ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಹೋದರೆಂದು ಎದುರು ಮನೆಯವರು ಹೇಳಿದರು. ಇಪ್ಪತ್ತು ಮೈಲಿ. ಹೋಗಬಹುದಿತ್ತು, ಹೋಗಲಿಲ್ಲ. ಸಂಕೋಚ ಹಳೆಯದಾದಷ್ಟೂ ಗಟ್ಟಿಯಾಗುತ್ತದೆ.

ಹಾಲ್ ತೆರೆದ ದಿನ ಡೆಟ್ರಾಯಿಟ್ ಕಡೆಗೆ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಮೊದಲಿನ ಮತ್ತು ಈಗಿನ ಫೋಟೋಗಳನ್ನು ಅಕ್ಕಪಕ್ಕ ತೋರಿಸಿದಾಗ ಜನ ಹೋ ಎಂದರು. ಒಬ್ಬ ಹಳೆಯ ಪ್ರೊಫೆಸರು, ಈಗ ಅವರು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ, ಎಂದು ನನ್ನ ಕೈ ಕುಲುಕಿದರು. ಅಂಕಲ್ ಒಬ್ಬರು ಇದನ್ನು ಕೇಳಬೇಕಿತ್ತು ಎಂದು ನನ್ನ ಮನಸ್ಸು ಕುಣಿಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುವರ್ಷ ಅಕ್ಟೋಬರಿನಲ್ಲಿ ಕ್ಯುರೇಟರ್ ಅವರಿಂದ ಒಂದು ಇಮೇಲ್ ಬಂತು. ನೀವು ಇದನ್ನು ನೋಡಲು ಬಯಸಬಹುದು ಎಂಬ ಒಂದು ಸಾಲು, ಜೊತೆಗೆ ಒಂದು ಸ್ಕ್ಯಾನ್. ಲೈಬ್ರರಿಯ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದ, ಚಿತ್ರಕಾರ ತನ್ನ ತಮ್ಮನಿಗೆ ಬರೆದದ್ದು. ಅದರಲ್ಲಿ ಗೊಣಗಾಟವೇ ಹೆಚ್ಚು. ಬಾಲ್ಯದಲ್ಲಿ ಬೇಲಿಯ ಮುಳ್ಳು ತಾಗಿ ಹಾಳಾದ ಸೆನೆಟರ ಎಡಗಣ್ಣನ್ನು ತಾನು ಮರ್ಯಾದೆಗೆಂದು ಚೆನ್ನಾಗಿ ಬರೆದುಕೊಟ್ಟರೆ, ಅವರು ಒಂದೇ ವಾರದಲ್ಲಿ ಚಿತ್ರ ವಾಪಸು ಕಳಿಸಿದ್ದಾರೆ. ಈ ಕಣ್ಣು ನನ್ನದಲ್ಲ, ನನ್ನದನ್ನು ಹಾಕು ಎಂದು ಹಟ ಹಿಡಿದಿದ್ದಾರೆ. ಅವರನ್ನು ಕಿಟಕಿಯ ಬಳಿ ಕೂರಿಸಿ, ಒಣಗಿದ ವಾರ್ನಿಷ್ಷಿನ ಮೇಲೆಯೇ ಮಧ್ಯಾಹ್ನವಿಡೀ ಆ ಕಲೆಯನ್ನು ಬರೆಯಬೇಕಾಯಿತು.

ಕಾಗದವನ್ನು ಮೂರು ಸಲ ಓದಿದೆ. ವಾರ್ನಿಷ್ಷಿನ ಮೇಲಿದ್ದದ್ದು ನಿಜ. ಆಮೇಲೆ ಹಚ್ಚಿದ್ದೂ ನಿಜ. ಅದೇ ಕೈ, ಅದೇ ತಿಂಗಳು, ಅಷ್ಟೇ. ಆ ಮನುಷ್ಯ ಬದುಕಿದ್ದಾಗ ಬೇಡವೆಂದು ಹಿಂತಿರುಗಿಸಿದ ಮುಖಸ್ತುತಿಯನ್ನು, ಅವರು ಸತ್ತು ಇಷ್ಟು ಕಾಲವಾದ ಮೇಲೆ, ನಾನು ಅವರಿಗೆ ಮತ್ತೆ ಹಚ್ಚಿ ಗೋಡೆಗೆ ಏರಿಸಿದ್ದೆ. ಸ್ಟುಡಿಯೋದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಎರಡು ದಿನ ಯೋಚಿಸಿದೆ. ಸಾಕ್ಷಿಗಳು ಆಗ ಹಾಗೆ ಇದ್ದವು ಎಂದು ಒಂದು ನಯವಾದ ಉತ್ತರ ಬರೆಯಬಹುದಿತ್ತು, ಯಾರೂ ಕೊರಳಪಟ್ಟಿ ಹಿಡಿಯುತ್ತಿರಲಿಲ್ಲ. ಬರೆಯಲಿಲ್ಲ. ಪ್ರತಿ ಚಿತ್ರದ ಜೊತೆ ಕೊಡುವ ಚಿಕಿತ್ಸೆಯ ವರದಿಗೆ ಎರಡು ಪುಟ ಸೇರಿಸಿದೆ: ಅಡ್ಡಸೀಳು ಬೇಡವೆಂದವಳು ನಾನು, ಧೂಳಿಲ್ಲದ ಚೂರನ್ನು ಕಂಡೂ ನಿಲ್ಲದವಳು ನಾನು, ಆ ಜಾಗದ ದೊಡ್ಡ ಫೋಟೋವನ್ನು ಕಾಲ್ ಆದ ಮೇಲೆ ತೆಗೆದರಾಯಿತೆಂದು ಮರೆತವಳು ನಾನು. ಕೋಣೆಯಲ್ಲಿದ್ದ ಕಣ್ಣಿನ ತಜ್ಞರೊಬ್ಬರು ಸರಿಯಾದ ರೋಗನಿರ್ಣಯ ಹೇಳಿದ್ದರು, ಅವರ ಪರಿಚಯವನ್ನು ನಾನು ಸುಳ್ಳಾಗಿ ಕೊಟ್ಟೆ, ಎಂದೂ ಬರೆದೆ. ಕಲೆಯನ್ನು ಮತ್ತೆ ಬರೆದುಕೊಡುತ್ತೇನೆಂದು ಕೇಳಿಕೊಂಡೆ. ಮ್ಯೂಸಿಯಮ್ಮಿನವರು ಬೇಡವೆಂದರು. ಅದು ನಿಮ್ಮ ಬಿಳಿಯಾಗುತ್ತದೆ, ಚಿತ್ರಕಾರನದಲ್ಲ, ಎಂದು ಕ್ಯುರೇಟರ್ ಹೇಳಿದ್ದು ನ್ಯಾಯವೇ. ಚಿತ್ರದ ಪಕ್ಕ ಹಳದಿ ವಾರ್ನಿಷ್ಷಿನ ಕಾಲದ ಒಂದು ಫೋಟೋ ಹಾಕಿದ್ದಾರೆ. ಅದರಲ್ಲಿ ಬಿಳಿ ಕಾಣುತ್ತದೆ, ಕೆಂಪು ಎಳೆ ಕಾಣುವುದಿಲ್ಲ. ಉಗ್ರಾಣದ ಉಳಿದ ಚಿತ್ರಗಳು ನನ್ನ ಬಳಿಗೆ ಬರಲಿಲ್ಲ.

ವರದಿ ಕಳಿಸಿದ ಶನಿವಾರ ಮೈಕ್ರೋಸ್ಕೋಪಿನ ತಲೆಯನ್ನು ಕಂಬದಿಂದ ಬಿಚ್ಚಿ, ಕಂಬಳಿಯಲ್ಲಿ ಸುತ್ತಿ, ಗಾಜಿನ ಕುಪ್ಪಿಯನ್ನು ಕೈಚೀಲದಲ್ಲಿಟ್ಟುಕೊಂಡು ಹಾಫ್‌ಮನ್ ಎಸ್ಟೇಟ್ಸಿಗೆ ಹೋದೆ. ಬಾಗಿಲು ತೆರೆದ ಮಗಳು, "ಅಪ್ಪಾಜಿ ಒಳಗಿದಾರೆ, ನೀವು ಯಾರು ಅಂತ ಜೋರಾಗಿ ಹೇಳಿ," ಅಂದಳು. ಯಾಕೆಂದು ಅರ್ಥವಾಗಲಿಲ್ಲ. ಅಂಕಲ್ ಕಿಟಕಿಯ ಹತ್ತಿರ ಕೂತಿದ್ದರು. ನಾನು ಮಾತಾಡಿದ ಮೇಲೆಯೇ ಮುಖ ತಿರುಗಿಸಿದರು, ಆಗಲೂ ನನ್ನ ಕಿವಿಯ ಪಕ್ಕಕ್ಕೆ ನೋಡಿದರು.

"ಬಾರವಾ ತಂಗಿ. ಚಹಾ ಇಲ್ಲೇ ಕುಡಿಯೂಣಂತ."

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕಾಗದದ ವಿಷಯ, ಮುಳ್ಳಿನ ವಿಷಯ. "ನೀವು ಹೇಳಿದ್ದೇ ಸರಿ ಅಂಕಲ್. ಅವತ್ತು ನಿಮ್ಮನ್ನ ಯಾರೂ ಅಲ್ಲ ಅಂದೆ. ತಪ್ಪಾಯ್ತು."

"ಸಿಟ್ಟ ಬಂದಿತ್ತು, ಸುಳ್ಳ ಹೇಳೂದಿಲ್ಲ," ಅಂದರು. "ಅದು ಒಂದ ವಾರದ ಸಿಟ್ಟು. ಆಮ್ಯಾಲ ಬರಬೇಕಂದ್ರ ಮಗಳು ಕಾರಿನ ಕೀಲಿ ಕಸಗೊಂಡಿದ್ಲು. ನಡುವಿನ ನೋಟ ಎರಡೂ ಕಣ್ಣಾಗ ಹೋತು, ಅಂಚಿಗಷ್ಟ ಕಾಣತದ. ಅವಾಗ ಒಂದರಾಗ ಇನ್ನೂ ಸ್ವಲ್ಪ ಇತ್ತು. ಅದಕ್ಕ ಅವತ್ತ ಕೇಳಿದ್ದೆ, ಒಂದ್ಸಲ ನೋಡ್ಲೇನು ಅಂತ."

ಊಟದ ಮೇಜಿನ ಮೇಲೆ ಮೈಕ್ರೋಸ್ಕೋಪನ್ನು ಪುಸ್ತಕಗಳ ಮೇಲೆ ಆನಿಸಿ ನಿಲ್ಲಿಸಿ, ದೀಪ ಹಚ್ಚಿ, ಒಂದು ಬಿಳಿ ಬಸಿಯಲ್ಲಿ ಚೂರುಗಳನ್ನು ಸುರಿದೆ. ಅಂಕಲ್ ತಡವಿಕೊಂಡು ಬಂದು ಕೂತರು. ಬೆರಳುಗಳು ತಾವಾಗಿ ಹೋಗಿ ಎರಡು ಕಣ್ಣುಗಳ ಅಂತರಕ್ಕೆ ಕೊಳವೆಗಳನ್ನು ಸರಿಮಾಡಿದವು. ಬಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಒರಗಿ, "ನೀ ನೋಡಿ ಹೇಳು," ಅಂದರು.

ನೋಡಿದೆ. "ಬಿಳಿ ಚೂರುಗಳಿವೆ ಅಂಕಲ್. ಒಂದರ ಮೇಲೆ ಕೆಂಪು ಎಳೆ ಇದೆ. ಕವಲೊಡೆದಿದೆ. ಕುಂಚದ ಕೂದಲಲ್ಲ, ಬರೆದದ್ದು."

"ಯಾವ ಕಡಿಂದ ಬಂದದ?"

ಬಸಿಯನ್ನು ಈ ಕಡೆಗೆ ತಿರುಗಿಸಿದೆ, ಆ ಕಡೆಗೆ ತಿರುಗಿಸಿದೆ. ಕಣ್ಣಿನಿಂದ ಕಿತ್ತ ಚೂರಿಗೆ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ.

"ಗೊತ್ತಾಗ್ತಿಲ್ಲ ಅಂಕಲ್."

"ಏಳು ಗಂಟೆ ಕಡಿಂದ," ಅಂದರು ಅವರು, ಗೋಡೆಯ ಕಡೆ ಮುಖ ಮಾಡಿಕೊಂಡು. "ಬರಕೋ."

ಬರೆದುಕೊಂಡೆ.